ಆರೂ ಮುಕ್ಕಾಲರ ಬಸ್ಸು

೧೯೫೯ ಮೇ ೪, ಸೋಮವಾರ

ಬೆಳಗ್ಗಿನ ಚಾರ್ಮಾಡಿ ಬಸ್ಸನ್ನು ಆರೂ ಮುಕ್ಕಾಲಿಗೆ ಸರಿಯಾಗಿ ಬಿಟ್ಟೆ. ವಿಟ್ಲದ ಅಡಿಕೆ ವ್ಯಾಪಾರಿಯೊಬ್ಬರು ಪಂಚೆ ಎತ್ತಿಕೊಂಡು ಓಡಿ ಬರುತ್ತಿದ್ದರು. ನಿಲ್ಲಿಸಲಿಲ್ಲ. ಆಮೇಲೆ ನನ್ನ ಬುಕಿಂಗ್ ಗೂಡಿನ ಮುಂದೆ ನಿಂತು, ತಾನು ಯಾರು ಗೊತ್ತುಂಟಾ ಎಂದು ಕೇಳಿದರು. ಬಸ್ಸು ತಪ್ಪಿದವರು ಎಂದೆ. ಬಂಟ್ವಾಳದ ಬಸ್ ಏಜೆಂಟ್ ಸುಬ್ಬಯ್ಯ ಶೆಟ್ಟಿ ಯಾರಿಗೋಸ್ಕರವೂ ಬಸ್ಸು ಕಾಯಿಸುವುದಿಲ್ಲ, ಯಾರನ್ನೂ ಬಿಟ್ಟು ಮೊದಲೇ ಕಳಿಸುವುದೂ ಇಲ್ಲ. ನನ್ನ ವಿಸಿಲ್ ಕೇಳಿ ಜವಳಿ ಅಂಗಡಿಯ ಅಬ್ದುಲ್ ಮಜೀದ್ ಸಾಹೇಬರು ತಮ್ಮ ಗಡಿಯಾರ ತಿದ್ದಿಕೊಳ್ಳುತ್ತಾರೆ. ಹೇಳಿಕೊಳ್ಳುವ ಆಸ್ತಿ ನನಗೆ ಬೇರೆ ಇಲ್ಲ, ಇದೊಂದು ಉಂಟು.

ಇಷ್ಟೆಲ್ಲ ಬರೆದದ್ದು ನಿಜವಾದ ವಿಷಯ ಬರೆಯಲು ಮನಸ್ಸಿಲ್ಲದ್ದರಿಂದ. ಮಧ್ಯಾಹ್ನ ಮಗಳು ಶಶಿಪ್ರಭಾಳಿಗೆ ಆರ್ಡರ್ ಬಂತು. ಚಾರ್ಮಾಡಿ ಬಸ್ಸಿನ ದಾರಿಯಲ್ಲಿರುವ ಮುಂಡಾಜೆಯ ಶಾಲೆಯಲ್ಲಿ ಟೀಚರ್ ಕೆಲಸ. ಜೂನ್ ಎಂಟರಂದು ಶಾಲೆ ತೆರೆಯುವ ಹೊತ್ತಿಗೆ ಹಾಜರಾಗಬೇಕು, ತಪ್ಪಿದರೆ ಕೆಲಸ ಇನ್ನೊಬ್ಬರಿಗೆ. ಮುಂಡಾಜೆಗೆ ದಿನಾ ಹೋಗಿ ಬರುವ ಹಾಗಿಲ್ಲ. ಅಲ್ಲೇ ಮೂಡುಬಿದಿರೆಯ ಕಾಂತಿ ಟೀಚರ್ ಎನ್ನುವವರ ಜೊತೆ ಬಾಡಿಗೆ ಕೋಣೆಯಲ್ಲಿ ಇರುತ್ತಾಳಂತೆ. ಎಲ್ಲ ವ್ಯವಸ್ಥೆ ಮಾಡಿ ಮುಗಿಸಿದ್ದಾಳೆ. ಅಪ್ಪನಿಗೆ ಹೇಳುವುದೊಂದೇ ಬಾಕಿ ಇತ್ತು.

ನೋಡುವ ಎಂದೆ. "ನೋಡುವುದೇನು ಅಪ್ಪ, ಜೂನ್ ಎಂಟಕ್ಕೆ ಹೋಗ್ತೇನೆ" ಎಂದಳು. ಹತ್ತೊಂಬತ್ತು ವರ್ಷದ ಹುಡುಗಿ ಬಾಡಿಗೆ ಕೋಣೆಯಲ್ಲಿ!

ಮೇ ೭, ಗುರುವಾರ

ಕಂಡಕ್ಟರ್ ಕೂಸಪ್ಪನ ನಾಲಗೆಗೆ ಬೆಂಕಿ ಬೀಳಲಿ. ಎರಡು ವರ್ಷ ಶಶಿ ಟೀಚರ್ ಟ್ರೈನಿಂಗಿಗೆ ದಿನಾ ಮಂಗಳೂರಿಗೆ ಹೋಗಿ ಬರುತ್ತಿದ್ದಳಲ್ಲ, ಆಗ ಅವಳು ಎಲ್ಲಿ ಕೂತಳು, ಯಾರ ಹತ್ತಿರ ಮಾತಾಡಿದಳು, ಎಲ್ಲಿ ಇಳಿದಳು ಎಂದು ಕೂಸಪ್ಪ ಸಂಜೆ ಸಂಜೆ ನನಗೆ ವರದಿ ಕೊಡುತ್ತಿದ್ದ. ತಂದೆಯಾದವನು ಇಷ್ಟೂ ಮಾಡದಿದ್ದರೆ ಹೇಗೆ? ಇವತ್ತು ಅವಳು ಸರ್ಟಿಫಿಕೇಟ್ ತರಲು ಮಂಗಳೂರಿಗೆ ಹೊರಟಾಗ ಆ ಪೆದ್ದ ಅದನ್ನು ಅವಳೆದುರೇ ಬಾಯಿಬಿಟ್ಟಿದ್ದಾನೆ.

ಸಂಜೆ ಬಸ್ಸು ಬಂತು. ಶಶಿ ಇಳಿದು ನನ್ನ ಮುಖವನ್ನೂ ನೋಡದೆ ಮನೆಗೆ ನಡೆದಳು. ಕೂಸಪ್ಪ ತಲೆ ಕೆರೆಯುತ್ತ ಬಂದು ನಿಂತ. "ಏಜೆಂಟ್ರೇ, ಮಗಳೇ ವರದಿ ಹೇಳಿ ಕಳಿಸಿದ್ದಾರೆ. ತುಂಬೆಯಲ್ಲಿ ಒಂದು ಸಲ ಆಕಳಿಸಿದ್ದಾರಂತೆ. ಫರಂಗಿಪೇಟೆಯಲ್ಲಿ ಸೀನು ಬಂತಂತೆ. ಬೇರೆ ವಿಶೇಷ ಇಲ್ಲವಂತೆ."

ಗೂಡಿನ ಸುತ್ತ ಇದ್ದವರೆಲ್ಲ ನಕ್ಕರು. ಮನೆಯಲ್ಲಿ ಹೆಂಡತಿ ವಾರಿಜಾಕ್ಷಿಯೂ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಾನೊಬ್ಬ ನಗಲಿಲ್ಲ.

ಮೇ ೧೭, ಭಾನುವಾರ

ವೇಣೂರಿನಿಂದ ಮುಂಡಪ್ಪ ಭಾವ ಬಂದಿದ್ದರು. ವಾರಿಜಾಕ್ಷಿಯ ಅಣ್ಣ, ಆ ಮನೆಯ ಯಜಮಾನರು. ನಮ್ಮದು ಅಳಿಯಸಂತಾನದ ಕಟ್ಟು. ಮಕ್ಕಳು ತಾಯಿಯ ಕುಟುಂಬಕ್ಕೆ ಸೇರಿದವರು, ಅವರ ಮೇಲೆ ಮಾತು ಸೋದರಮಾವನದ್ದು. ಲೆಕ್ಕಕ್ಕೆ ನನ್ನ ಹೆಂಡತಿಯೂ ಮಗಳೂ ವೇಣೂರಿನ ಮನೆಯವರು. ನನ್ನದೇ ಮನೆಯಲ್ಲಿ ಹೊರಗಿನವ ಎಂದರೆ ನಾನೊಬ್ಬ. ಮದುವೆಯ ದಿನವೇ ಭಾವ ಅದನ್ನು ನನಗೆ ನಗುತ್ತ ನೆನಪಿಸಿದ್ದರು. ಆಮೇಲೆ ನಗದೆಯೂ ಹಲವು ಸಲ ನೆನಪಿಸಿದ್ದಾರೆ.

ಇವತ್ತು ಎಲೆಯಡಿಕೆ ಹಾಕಿಕೊಳ್ಳುತ್ತ ಹೇಳಿದರು, ಮಳೆಗಾಲ ಕಳೆದ ಮೇಲೆ ತನ್ನ ಮಗ ಕಮಲಾಕ್ಷನಿಗೂ ಶಶಿಗೂ ಮದುವೆ, ದೈವಕ್ಕೆ ವರ್ಷದ ತಂಬಿಲ ಸೇವೆ ಕೊಡುವ ದಿನ ಎಲ್ಲರೆದುರು ನಿಶ್ಚಯ. ಕೆಲಸಗಿಲಸ ಏನೂ ಬೇಡ. ನಾನು ಏನೋ ಹೇಳಲು ಬಾಯಿ ತೆರೆದೆ. "ಭಾವ, ಹೆಣ್ಣು ನಮ್ಮ ಕುಟುಂಬದ್ದು. ಇದರಲ್ಲಿ ತಂದೆಗೆ ಮಾತಿಲ್ಲ" ಎಂದರು. ಬಾಯಿ ಮುಚ್ಚಿದೆ. ನಾನೂ ಕೆಲಸ ಬೇಡವೆಂದೇ ಹೇಳಲು ಹೊರಟದ್ದು, ಆದರೆ ಹೇಳಲು ಬಿಡಬೇಕಿತ್ತು.

ಹೊರಡುವಾಗ ನನ್ನನ್ನು ಬದಿಗೆ ಕರೆದರು. ಗಲಾಟೆ ಯಾಕೆ, ಆ ಒಂದು ದಿನ ಅವಳು ಹೋಗದ ಹಾಗೆ ನೋಡಿಕೊಂಡರೆ ಕೆಲಸ ತಾನಾಗಿ ಹೋಗುತ್ತದೆ, ಬಸ್ಸು ನಿಮ್ಮ ಕೈಯಲ್ಲೇ ಉಂಟಲ್ಲ ಎಂದರು. ಆ ಮಾತು ನನ್ನ ಕಿವಿಯಲ್ಲಿ ಕೂತುಬಿಟ್ಟಿದೆ.

ಮೇ ೩೧, ಭಾನುವಾರ

ಶಶಿ ಕಬ್ಬಿಣದ ಪೆಟ್ಟಿಗೆಗೆ ಹೊಸದಾಗಿ ನೀಲಿ ಬಣ್ಣ ಬಳಿದಳು. ಒಣಗುವುದನ್ನು ಕಾಯುತ್ತ ಜಗಲಿಯಲ್ಲಿ ಕೂತಿದ್ದಾಗ ನನ್ನನ್ನು ಕೇಳಿದಳು. "ಹೋಗಬೇಡ ಅಂತ ನೀವು ಹೇಳಿ ಅಪ್ಪ, ನಾನು ಹೋಗುವುದಿಲ್ಲ. ಆದ್ರೆ ಯಾಕೆ ಅಂತ ಹೇಳ್ಬೇಕು."

ಯಾಕೆ? ಮಾವ ಬೇಡ ಎಂದರು ಎನ್ನಲೇ? ಜನ ಏನೆನ್ನುತ್ತಾರೆ ಎನ್ನಲೇ? ನೀನಿಲ್ಲದ ಮನೆಗೆ ಸಂಜೆ ಹೇಗೆ ಬರಲಿ ಎನ್ನಲೇ? ಬಣ್ಣ ಇನ್ನೊಂದು ಕೈ ಬೇಕು ಎಂದೆ.

ಜೂನ್ ೮, ಸೋಮವಾರ

ಇವತ್ತು ಗೂಡಿನ ಗಡಿಯಾರ ಸ್ವಲ್ಪ ಮುಂದೆ ಓಡುತ್ತಿತ್ತು.

ಇಲ್ಲ. ಬೇರೆ ಯಾರೂ ಓದದ ಡೈರಿಗೂ ಸುಳ್ಳು ಬರೆದರೆ ಮತ್ತೆ ಎಲ್ಲಿ ನಿಜ ಬರೆಯುವುದು. ಗಡಿಯಾರ ಸರಿಯಾಗಿಯೇ ಇತ್ತು. ಹತ್ತು ನಿಮಿಷ ಮೊದಲೇ ವಿಸಿಲ್ ಹಾಕಿದೆ. ಡ್ರೈವರ್ ಉಮ್ಮರ್ ಒಂದು ಸಲ ತಿರುಗಿ ನನ್ನನ್ನು ನೋಡಿದ. ಇನ್ನೊಮ್ಮೆ ಹಾಕಿದೆ. ಬಸ್ಸು ಹೊರಟಿತು.

ಮಳೆ ಹನಿಯುತ್ತಿತ್ತು. ಬಸ್ಸಿನ ಹಿಂಭಾಗ ತಿರುವಿನಲ್ಲಿ ಮರೆಯಾಗುವಾಗ ತಾಯಿ ಮಗಳು ಪೆಟ್ಟಿಗೆಯ ಎರಡು ಬದಿ ಹಿಡಿದುಕೊಂಡು ಬಂದರು. ಮುಂದಿನ ಬಸ್ಸು ಮಧ್ಯಾಹ್ನ. ಶಶಿ ಗಡಿಯಾರ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಅತ್ತರೆ ಸಮಾಧಾನ ಮಾಡುವ ಎಂದು ಮಾತು ಕೂಡ ತಯಾರು ಮಾಡಿಟ್ಟಿದ್ದೆ. ಅವಳು ಅಳಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ತಾಯಿಯ ಕೈಯಿಂದ ಪೆಟ್ಟಿಗೆ ತೆಗೆದುಕೊಂಡು, ತಲೆಯ ಮೇಲೆ ಹೊತ್ತು, ಬಸ್ಸು ಹೋದ ಬೆಳ್ತಂಗಡಿಯ ರಸ್ತೆಯನ್ನೇ ಹಿಡಿದು ನಡೆದೇಬಿಟ್ಟಳು. ವೇಣೂರಿನ ಗುತ್ತಿನ ದೊಡ್ಡ ಮನೆತನದ ಹೆಣ್ಣು, ಮೂಟೆ ಹೊರುವವರ ಹಾಗೆ, ಇಡೀ ಪೇಟೆಯ ಎದುರು.

ಅಷ್ಟರಲ್ಲಿ ಮಜೀದ್ ಸಾಹೇಬರು ಕೊಡೆ ಹಿಡಿದು ಬಂದರು. ಅವರಿಗೆ ಬೆಳ್ತಂಗಡಿಗೆ ಹೋಗಬೇಕಿತ್ತು. ಬಸ್ಸು ಹೋಯಿತು ಎಂದೆ. ಕಿಸೆಯಿಂದ ಗಡಿಯಾರ ತೆಗೆದು ನೋಡಿದರು, ಕಿವಿಗಿಟ್ಟು ಕೇಳಿದರು. "ನನ್ನದೇ ಕೆಟ್ಟಿರ್ಬೇಕು ಶೆಟ್ರೇ" ಎಂದು ವಾಪಸು ಹೋದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಸಂಜೆ

ಬಸ್ಸು ವಾಪಸು ಬಂತು. ಶಶಿ ಹೊತ್ತಿಗೆ ಸರಿಯಾಗಿ ಶಾಲೆ ಮುಟ್ಟಿದ್ದಾಳೆ.

ಉಮ್ಮರ್ ಹೇಳಿದ್ದು ಹೀಗೆ: "ನೀವು ವಿಸಿಲ್ ಹಾಕಿದ್ರಿ, ನಾನು ಬಿಟ್ಟೆ. ತಿರುವು ದಾಟಿ ವಾಚು ನೋಡಿದ್ರೆ ಟೈಮೇ ಆಗಿಲ್ಲ. ಟೈಮಿಗೆ ಮೊದಲು ಹೋಗ್ಬಾರ್ದು ಅಂತ ನನಗೆ ಕಲಿಸಿದ್ದು ನೀವೇ ಅಲ್ವಾ ಶೆಟ್ರೇ. ಬಾನೆಟ್ ಎತ್ತಿ ಎಂಜಿನ್ ನೋಡುವವನ ಹಾಗೆ ನಿಂತೆ. ಆರೂ ಮುಕ್ಕಾಲಾಗುವಾಗ ನೋಡಿದ್ರೆ ನಿಮ್ಮ ಮಗಳು ಪೆಟ್ಟಿಗೆ ಹೊತ್ಕೊಂಡು ಬರ್ತಾ ಇದ್ದಾಳೆ."

ಮಾಲಿಕರಿಗೆ ದೂರು ಕೊಡುತ್ತೇನೆ ಎಂದು ಉಮ್ಮರನ ಮೇಲೆ ಹಾರಾಡಿದೆ. ಏನೆಂದು ದೂರು ಕೊಡುವುದು? ಟೈಮಿಗೆ ಸರಿಯಾಗಿ ಹೋದ ಎಂದೇ?

ವಾರಿಜಾಕ್ಷಿ ಗಂಜಿ ಬಡಿಸಿ ಒಳಗೆ ಹೋದಳು. ಉಪ್ಪಿನಕಾಯಿ ಬರಲಿಲ್ಲ, ಮಾತೂ ಬರಲಿಲ್ಲ. ಅವಳ ಸಿಟ್ಟು ಇರಲಿ. ಆದರೆ ಆ ಪೆಟ್ಟಿಗೆ ಕಡಿಮೆ ಭಾರದ್ದಲ್ಲ. ನಿನ್ನೆ ನಾನೇ ಎತ್ತಿ ನೋಡಿದ್ದೆ, ಸೊಂಟ ಹಿಡಿದುಕೊಂಡಿತ್ತು.

ಜೂನ್ ೧೨, ಶುಕ್ರವಾರ

ಉಪ್ಪಿನಕಾಯಿ ಇಲ್ಲ.

ಜೂನ್ ೨೦, ಶನಿವಾರ

ಮಾಲಿಕರಿಗೆ ಹೇಳಿ ಕೂಸಪ್ಪನನ್ನು ಮಂಗಳೂರಿನ ಬಸ್ಸಿನಿಂದ ಚಾರ್ಮಾಡಿ ಬಸ್ಸಿಗೆ ಹಾಕಿಸಿದೆ. ಇನ್ನು ಮುಂಡಾಜೆಯ ಸುದ್ದಿ ಸಿಗುತ್ತದೆ. ಮೊದಲ ವರದಿ: ಟೀಚರ್ ಬಸ್ಸಿನ ಹತ್ತಿರ ಬರಲೇ ಇಲ್ಲ. ದೂರದಿಂದ ನೋಡಿ ಮುಖ ತಿರುಗಿಸಿದರು.

ಜುಲೈ ೯, ಗುರುವಾರ

ಎಂಥಾ ಮಳೆ. ಬಸ್ಸುಗಳು ಬರುವ ಹೊತ್ತಿಗೆ ಲೆಕ್ಕವೇ ಇಲ್ಲ. ಕೂಸಪ್ಪ ತೊಯ್ದ ಬೆಕ್ಕಿನ ಹಾಗೆ ಬಂದು ಕೂತು ಚಾ ಕುಡಿದ ಮೇಲೆ ಸುದ್ದಿ ಹೇಳಿದ. ಶಶಿಯ ಕ್ಲಾಸಿಗೆ ಹೆಣ್ಣುಮಕ್ಕಳು ಬರುವುದೇ ಕಡಿಮೆಯಂತೆ. ಇವಳು ಮಳೆಯಲ್ಲೇ ಮನೆಮನೆಗೆ ಹೊರಟಿದ್ದಾಳೆ. ಆಯಿಶಮ್ಮ ಎನ್ನುವವರು ಮಗಳು ಜುಲೈಕಾಳನ್ನು ಕಳಿಸಲು ಒಪ್ಪಲಿಲ್ಲವಂತೆ. ಹುಡುಗಿಯ ಅಪ್ಪನಿಗೆ ಮನಸ್ಸಿಲ್ಲ ಎಂದರಂತೆ. ಶಶಿ ಅವರ ಅಡುಗೆಮನೆಯಲ್ಲೇ ಕೂತು, ಚಾ ಕುಡಿದು, "ಅಪ್ಪಂದಿರಿಗೆ ಮೊದಲು ಹಾಗೆಯೇ. ಸ್ವಲ್ಪ ಸಮಯ ಕೊಡ್ಬೇಕು" ಎಂದಳಂತೆ. ಮರುದಿನ ಜುಲೈಕಾ ಸ್ಲೇಟು ಹಿಡಿದು ಶಾಲೆಯಲ್ಲಿ. ಅವಳನ್ನು ನೋಡಿ ನೆರೆಮನೆಯ ಹುಡುಗಿಯರೂ.

ಈ ಮಾತನ್ನು ಕೂಸಪ್ಪನಿಂದ ಎರಡು ಸಲ ಹೇಳಿಸಿದೆ. ಮಳೆಯ ಸದ್ದಿಗೆ ಸರಿಯಾಗಿ ಕೇಳಿರಲಿಲ್ಲ. ಮಜೀದ್ ಸಾಹೇಬರು ಬಂದಾಗ ಅವರಿಗೂ ಹೇಳಿದೆ. ಅವರ ಹೆಂಡತಿಯ ಕಡೆಯವರು ಆ ಊರಿನಲ್ಲಿ ಇದ್ದಾರೆ, ತಿಳಿದಿರಲಿ ಎಂದು.

ಜುಲೈ ೨೪, ಶುಕ್ರವಾರ

ಇವತ್ತು ಶಶಿಯೇ ವರದಿ ಕಳಿಸಿದಳು. ಕೂಸಪ್ಪ ಗೂಡಿನ ಮುಂದೆ ನೆಟ್ಟಗೆ ನಿಂತು ಒಪ್ಪಿಸಿದ: "ಅಪ್ಪನ ಗಡಿಯಾರ ರಿಪೇರಿ ಆಯ್ತಾ ಅಂತ ಕೇಳಿದ್ದಾರೆ."

ಮನೆಗೆ ಹೋಗಿ ವಾರಿಜಾಕ್ಷಿಗೆ ಹೇಳಿದೆ. ಅವಳು ಮೊದಲು ನಗು ತಡೆಹಿಡಿದಳು, ಆಮೇಲೆ ಆಗಲಿಲ್ಲ. ನನಗೂ ನಗು ಬಂತು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. ಮಾವಿನ ಮಿಡಿಯ ಉಪ್ಪಿನಕಾಯಿ ಹೊಸ ಭರಣಿಯದು, ಬಹಳ ಚೆನ್ನಾಗಿತ್ತು.

ಆಗಸ್ಟ್ ೧೫, ಶನಿವಾರ

ಶಾಲೆಯಲ್ಲಿ ಧ್ವಜ ಹಾರಿಸಿ ಮಧ್ಯಾಹ್ನದ ಬಸ್ಸಿಗೆ ಶಶಿ ಮನೆಗೆ ಬಂದಳು. ಹೋದಮೇಲೆ ಇದೇ ಮೊದಲ ಸಲ. ತೆಳ್ಳಗಾಗಿದ್ದಾಳೆ ಎಂದು ತಾಯಿ, ಇಲ್ಲ, ಉದ್ದವಾಗಿದ್ದಾಳೆ ಎಂದು ನಾನು. ಉದ್ದವಾಗುವ ಪ್ರಾಯ ದಾಟಿತು ಎಂದು ಇಬ್ಬರೂ ನನ್ನನ್ನು ತಮಾಷೆ ಮಾಡಿದರು.

ಊಟಕ್ಕೆ ಕೂತಾಗ, ಆ ದಿನ ಬೆಳಗ್ಗೆ ಗಡಿಯಾರ ಎಂದು ಶುರು ಮಾಡಿದೆ. "ಗೊತ್ತುಂಟು ಅಪ್ಪ, ಊಟ ಮಾಡಿ" ಎಂದು ನನ್ನ ಬಟ್ಟಲಿಗೆ ಸಾರು ಹಾಕಿದಳು. ಅಷ್ಟೇ. ಈ ಹುಡುಗಿಗೆ ಎಲ್ಲಿಂದ ಬಂತು ಇಷ್ಟು ದೊಡ್ಡ ಮನಸ್ಸು? ನನ್ನಿಂದಂತೂ ಅಲ್ಲ.

ಸಂಜೆ ತಾಯಿ ತಂಬಿಲದ ದಿನದ ವಿಷಯ ಎತ್ತಿದಳು. ಕಮಲಾಕ್ಷ ಒಳ್ಳೆಯವ, ಆದರೆ ತನಗೆ ಈಗ ಮದುವೆ ಬೇಡ, ಮದುವೆಯಾದರೆ ಮಾವ ಶಾಲೆ ಬಿಡಿಸುತ್ತಾರೆ ಎಂದಳು ಶಶಿ. ಮಾವನಿಗೆ ತಾನೇ ಹೇಳುತ್ತಾಳಂತೆ. ಮುಂಡಪ್ಪ ಭಾವನಿಗೆ ಇದುವರೆಗೆ ಯಾರೂ ಎದುರು ಹೇಳಿದ್ದಿಲ್ಲ. ನಾನಂತೂ ಹೇಳಿದ್ದಿಲ್ಲ.

ಅಕ್ಟೋಬರ್ ೧೪, ಬುಧವಾರ

"ಏಜೆಂಟ್ರೇ, ನೀವು ಈಗ ಮಗಳ ಸುದ್ದಿಯೇ ಕೇಳುವುದಿಲ್ಲ, ಏನು ಸಿಟ್ಟಾ?" ಎಂದ ಕೂಸಪ್ಪ. ಸಿಟ್ಟು ಯಾಕೆ, ಕೇಳುವುದಕ್ಕೆ ಮರೆತುಹೋಗಿತ್ತು. ಕೆಲಸ ಹೆಚ್ಚಿತ್ತು, ಬೇರೇನಲ್ಲ.

ನವೆಂಬರ್ ೨೨, ಭಾನುವಾರ

ಹೊತ್ತು ಮೀರಿದೆ, ಆದರೂ ಬರೆಯುತ್ತೇನೆ. ಸಂತೋಷಕ್ಕೆ ನಿದ್ದೆ ಬರುವುದಿಲ್ಲ.

ವೇಣೂರಿನಲ್ಲಿ ತಂಬಿಲ. ದೈವಕ್ಕೆ ಇಡೀ ಕುಟುಂಬ ಸೇರಿ ಕೊಡುವ ವರ್ಷದ ಸೇವೆ. ನಾನೂ ವಾರಿಜಾಕ್ಷಿಯೂ ಇಲ್ಲಿಂದ ಹೋದೆವು, ಶಶಿ ಮುಂಡಾಜೆಯಿಂದ ಒಬ್ಬಳೇ ಬಂದಳು. ಸೇವೆ ಮುಗಿದು ಪ್ರಸಾದ ಹಂಚಿದ ಮೇಲೆ ಎಲ್ಲರೂ ಚಾವಡಿಯಲ್ಲಿ ಸೇರಿದರು. ನಾನು ಎಂದಿನಂತೆ ನೆಂಟರ ಸಾಲಿನಲ್ಲಿ, ಕಂಬದ ಹತ್ತಿರ. ಉಯ್ಯಾಲೆ ಮಂಚದಲ್ಲಿ ಅತ್ತೆ ಅಮ್ಮಣ್ಣಿ, ಎಂದರೆ ವಾರಿಜಾಕ್ಷಿಯ ತಾಯಿ. ವಯಸ್ಸಾಗಿ ಕಿವಿ ಸ್ವಲ್ಪ ಮಂದ. ಅವರು ಎದ್ದು ಮಾತಾಡಿದ್ದನ್ನು ಬಹಳ ವರ್ಷಗಳಿಂದ ಯಾರೂ ನೋಡಿಲ್ಲ.

ಮುಂಡಪ್ಪ ಭಾವ ನಿಶ್ಚಯದ ಮಾತು ಎತ್ತಿದರು. ಶಶಿ ಹೆಂಗಸರ ನಡುವಿನಿಂದ ಎದ್ದು ಮುಂದೆ ಬಂದಳು. ಸ್ವರ ಏರಿಸಲಿಲ್ಲ, ಕ್ಲಾಸಿನಲ್ಲಿ ಪಾಠ ಹೇಳುವ ಹಾಗೆಯೇ ಹೇಳಿದಳು.

"ಮಾವ, ಕಮಲಾಕ್ಷನ ಬಗ್ಗೆ ನನಗೆ ಏನೂ ಇಲ್ಲ. ನನಗೀಗ ಮದುವೆ ಬೇಡ, ಶಾಲೆ ಬೇಕು. ಮದುವೆ ಬೇಕು ಅನ್ನಿಸುವ ದಿನ ನಾನೇ ಬಂದು ನಿಮ್ಮ ಹತ್ತಿರ ಹೇಳ್ತೇನೆ."

ಭಾವನ ಮುಖ ಕೆಂಪಾಯಿತು. ಸುತ್ತ ನೋಡಿದರು. ಅವರ ಕಣ್ಣು ಬಂದು ಬಂದು ಕಂಬದ ಹತ್ತಿರ ನಿಂತಿತು. ಮದುವೆಯಾದಂದಿನಿಂದ ಇದುವರೆಗೆ ಆ ಚಾವಡಿಯಲ್ಲಿ ನನ್ನನ್ನು ಊಟವಾಯಿತೇ ಎಂಬುದರ ಹೊರತು ಏನನ್ನೂ ಕೇಳದವರು ಕೇಳಿದರು: "ಭಾವ, ನೀವು ತಂದೆ. ನಿಮ್ಮ ಮಗಳಿಗೆ ಒಂದು ಮಾತು ಹೇಳಿ."

ನಾನು ಎದ್ದು ನಿಂತೆ. ಏನು ಹೇಳುತ್ತೇನೆ ಎಂದು ಎದ್ದು ನಿಂತ ಮೇಲೂ ಗೊತ್ತಿರಲಿಲ್ಲ. ಆಮೇಲೆ ಬಾಯಿ ತಾನಾಗಿ ಹೇಳಿತು.

"ನಾನು ಹೇಗೆ ಹೇಳುವುದು ಭಾವ? ಹೆಣ್ಣು ನಿಮ್ಮ ಕುಟುಂಬದ್ದು, ಇದರಲ್ಲಿ ತಂದೆಗೆ ಮಾತಿಲ್ಲ ಅಂತ ನೀವೇ ಹೇಳಿದ್ದಲ್ವಾ. ನಾನು ಈ ಮನೆಗೆ ನೆಂಟ. ಕಟ್ಟು ಮುರಿಯುವವ ನಾನಲ್ಲ."

ಹಿಂದಿನಿಂದ ಯಾರೋ ಕಿಸಕ್ಕೆಂದರು. ವಾರಿಜಾಕ್ಷಿ ಎಂದು ನನಗೆ ಗೊತ್ತು. ಶಶಿ ನನ್ನನ್ನೇ ನೋಡುತ್ತಿದ್ದಳು. ಆ ನೋಟವನ್ನು ಬರೆಯಲು ನನಗೆ ಬರುವುದಿಲ್ಲ, ಆದರೆ ಸಾಯುವವರೆಗೆ ನೆನಪಿರುತ್ತದೆ.

ಆಗ ಉಯ್ಯಾಲೆ ನಿಂತಿತು. ಅತ್ತೆ ಸರಪಳಿ ಹಿಡಿದು ಎದ್ದರು. ಮಂದ ಕಿವಿಗೆ ಎಲ್ಲವೂ ಕೇಳಿತ್ತು.

"ಮುಂಡಪ್ಪ, ನೀನು ಈ ಮನೆ ನೋಡಿಕೊಳ್ಳುವವ. ನಿನ್ನ ಮಕ್ಕಳು ಅವರ ತಾಯಿಯ ಮನೆಯವರು. ಈ ಮನೆ ಮುಂದಕ್ಕೆ ಹೋಗುವುದು ನನ್ನಿಂದ ವಾರಿಜಾಕ್ಷಿಗೆ, ಅವಳಿಂದ ಇವಳಿಗೆ. ಇವಳು ಬೇಡ ಅಂದ್ರೆ ಬೇಡ. ಇನ್ನು ಎಲೆ ಹಾಕಿ, ಹಸಿವಾಗ್ತದೆ."

ಮುಗಿಯಿತು. ಭಾವ ತಾವೇ ಎಲೆ ಹಾಕಿಸಿದರು. ಅಮ್ಮನ ಮಾತಿಗೆ ಎದುರಾಡುವ ಯಜಮಾನ ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ಕೈ ತೊಳೆಯುವಲ್ಲಿ ಕಮಲಾಕ್ಷ ನನ್ನ ಪಕ್ಕ ಬಂದು, ತನಗೂ ಈಗ ಮದುವೆಯ ಮನಸ್ಸಿರಲಿಲ್ಲ, ಅಪ್ಪನಿಗೆ ಹೇಳುವ ಧೈರ್ಯ ಇರಲಿಲ್ಲ ಎಂದ. ಧೈರ್ಯ ಬೇಕಾದರೆ ಮುಂಡಾಜೆಗೆ ಹೋಗಿ ಕಲಿ ಎಂದೆ.

ಊಟಕ್ಕೆ ಭಾವ ನನ್ನ ಪಕ್ಕದಲ್ಲೇ ಕೂತರು. ಪಾಯಸ ಎರಡನೇ ಸಲ ಬಂದಾಗ ಮೆಲ್ಲಗೆ, "ಶಾಲೆಯಲ್ಲಿ ಹೆಸರು ಉಂಟಂತೆ ಅವಳಿಗೆ?" ಎಂದು ಕೇಳಿದರು. ಮೂರನೇ ಪಾಯಸದವರೆಗೆ ಹೇಳಿದೆ.

ಸಂಜೆ ಮೂವರೂ ಬಂಟ್ವಾಳಕ್ಕೆ ಬಂದೆವು. ನಾಳೆ ಬೆಳಗ್ಗಿನ ಬಸ್ಸಿಗೆ ಶಶಿ ಮುಂಡಾಜೆಗೆ.

ನವೆಂಬರ್ ೨೩, ಸೋಮವಾರ

ಆರೂವರೆಗೇ ಶಶಿ ಬಸ್ ಸ್ಟ್ಯಾಂಡಿನಲ್ಲಿದ್ದಳು. ನೀಲಿ ಪೆಟ್ಟಿಗೆ ಈ ಸಲ ಇಲ್ಲ, ಒಂದು ಚೀಲ ಮಾತ್ರ. ತಾಯಿ ಬಾಳೆಲೆಯಲ್ಲಿ ಕಡುಬು ಕಟ್ಟಿಕೊಟ್ಟಿದ್ದಳು, ಭರಣಿಯಿಂದ ಉಪ್ಪಿನಕಾಯಿಯನ್ನೂ. ಸ್ಟೇರಿಂಗಿನಲ್ಲಿ ಉಮ್ಮರ್, ಬಾಗಿಲಲ್ಲಿ ಕೂಸಪ್ಪ. ಮಜೀದ್ ಸಾಹೇಬರು ಮೊದಲೇ ಹತ್ತಿ ಕೂತಿದ್ದರು. ಈಗ ಅವರು ಗಡಿಯಾರವನ್ನು ನಂಬುವುದಿಲ್ಲ. "ಏಜೆಂಟ್ರೇ, ಟೀಚರಿಗೆ ಮುಂದಿನ ಸೀಟು" ಎಂದು ತಾವೇ ಎದ್ದರು. ಶಶಿ ಅವರನ್ನು ಕೂರಿಸಿ ಹಿಂದಿನ ಸೀಟಿಗೆ ಹೋದಳು.

ನಾನು ಕಿಟಕಿಯ ಹತ್ತಿರ ಹೋಗಿ ನಿಂತೆ. ಟಾರ್ಚು ಉಂಟಾ, ಕೊಡೆ ಉಂಟಾ, ಕಾಂತಿ ಟೀಚರಿಗೆ ನಮಸ್ಕಾರ ಹೇಳು, ಆ ಜುಲೈಕಾಳಿಗೆ ಲೆಕ್ಕ ಬರುತ್ತದಾ ಎಂದು ಒಂದರ ಮೇಲೊಂದು ಕೇಳಿದೆ. ಅವಳು ಎಲ್ಲದಕ್ಕೂ ಉತ್ತರ ಕೊಟ್ಟಳು. ಇನ್ನೇನು ಕೇಳುವುದು ಎಂದು ಯೋಚಿಸಿದೆ. ವಿಸಿಲ್ ಕೈಯಲ್ಲೇ ಇತ್ತು. ಒಂದು ನಿಮಿಷ ತಡವಾದರೆ ಏನಾಗುತ್ತದೆ, ಒಂದೇ ಒಂದು ನಿಮಿಷ ಎನ್ನಿಸಿತು. ಇಷ್ಟು ವರ್ಷದ ಏಜೆಂಟಗಿರಿಯಲ್ಲಿ ನನಗೆ ಹೀಗೆ ಅನ್ನಿಸಿದ್ದು ಇದೇ ಮೊದಲು.

ಶಶಿ ನನ್ನ ಭುಜದ ಮೇಲಿಂದ ಗೂಡಿನ ಗಡಿಯಾರ ನೋಡಿದಳು. ಕಿಟಕಿಯಿಂದ ಕೈ ಚಾಚಿ, ವಿಸಿಲ್ ಹಿಡಿದಿದ್ದ ನನ್ನ ಕೈಯನ್ನು ಒಮ್ಮೆ ಒತ್ತಿದಳು.

"ಅಪ್ಪ, ಟೈಮಾಯ್ತು. ವಿಸಿಲ್ ಹಾಕಿ."

ಹಾಕಿದೆ. ಇಡೀ ಪೇಟೆಗೆ ಕೇಳುವ ಹಾಗೆ ಹಾಕಿದೆ. ಆರೂ ಮುಕ್ಕಾಲು.